ಹಸಿ ವಾಸನೆ

ಎರಡು ಸಲ ಒತ್ತಿದ್ರೆ ಸಾಕಿತ್ತು. ಟೇಪಮ್ಮ ಒತ್ಕೊಂಡಿದ್ದು ಊರಿಗೆಲ್ಲ ಸಾಕಾಗೋಷ್ಟು. ಕತ್ತಿಗೆ, ಕಿವಿ ಹಿಂದಕ್ಕೆ, ಎರಡೂ ಮಣಿಕಟ್ಟಿಗೆ, ಆಮೇಲೆ ಮೊಣಕೈ ಸಂದು ಒಂದೇ ಪಾಪ ಏನ್ ಮಾಡಿತ್ತು ಅಂತ ಅಲ್ಲಿಗೂ. ಈಗ ಬೀದೀಲಿ ನಡೀತಿದ್ರೆ ಸೆಂಟು ಮುಂದೆ ಮುಂದೆ ಯಜಮಾನಿ ಹಾಗೆ ಹೋಗ್ತಿತ್ತು, ಇವಳು ಅದರ ಚೀಲ ಹೊತ್ಕೊಂಡು ಹಿಂದೆ ಹಿಂದೆ. ಬೇಕರಿ ಮುಂದೆ ಮಲಗಿದ್ದ ನಾಯಿ ತಲೆ ಎತ್ತಿ ಒಂದು ಸೀನು ಸೀನಿತು ನೋಡಿ, ಬಾಲದ ತುದಿವರೆಗೂ ನಡುಗಿಹೋಯ್ತು ಅದಕ್ಕೆ. ಸೀನಲಿ, ಅಂದ್ಕೊಂಡ್ಳು. ಎದೆ ಸೆಟೆಸಿಕೊಂಡು ನಾಕು ಹೆಜ್ಜೆ ಹಾಕಿದ್ಳು, ಐದನೇದಕ್ಕೆ ಮಣಿಕಟ್ಟನ್ನ ಕೋಟಿನ ಜೇಬಿಗೆ ತುರುಕಿಕೊಂಡ್ಳು, ಅಂಗಡಿಯಿಂದ ಏನೋ ಎತ್ಕೊಂಡು ಬಂದೋಳ ಹಾಗೆ. ಜೇಬೊಳಗೆ ಅದು ಸುಮ್ನಿರುತ್ತಾ? ಅಲ್ಲಿಂದ್ಲೇ ಎದ್ದು ಮೂಗಿಗೆ ಬಂತು. ಇದು ಗುಲಾಬಿ, ಇದು ಮಲ್ಲಿಗೆ ಅಂತ ಬೆರಳು ತೋರಿಸೋ ಹಾಗಿಲ್ಲ ಅದನ್ನ. ಹೂವಿಗೆ ಮುಂಚೆ ದಂಟು. ದಂಟು ಮುರಿದಾಗ ಕೈಗಂಟೋ ಹಾಲು, ಆಗ ತಾನೇ ಕೊಯ್ದ ಹುಲ್ಲು, ಹೂವಿನಂಗಡಿ ಬಕೆಟ್ಟಿನ ತಳದಲ್ಲಿ ನಿಂತ ನೀರು. ಇದೆಲ್ಲ ಆದ್ಮೇಲೆ, ಯಾರಿಗೂ ಗೊತ್ತಾಗದ ಹಾಗೆ ಬಾಗಿಲ ಸಂದೀಲಿ ಇಣುಕಿದ ಹಾಗೆ, ಒಂದು ಬಿಳೀ ಹೂವು. ಸೆಂಟು ಮಾರೋ ಹುಡುಗಿ ಏನೋ ಉದ್ದದ ಹೆಸರು ಹೇಳಿದ್ಳು. ಇವಳ ಬಾಯಲ್ಲಿ ಅದಕ್ಕೆ ಒಂದೇ ಮಾತು, ಹಸಿ. ಹಸಿ ಹಸಿ ವಾಸನೆ. ಅರವತ್ತಾರು ವರ್ಷದ ಮೈ ಒಣಗಿದ ಸೌದೆ ಹಾಗಿದೆ, ಅದರ ಮೇಲೆ ಹಸಿ ವಾಸನೆ. ನೋಡಿದೋರು ನಗಲ್ವಾ? ನಗ್ತಾರೆ. ನಗಲಿ. ಆದ್ರೂ ನಗ್ತಾರಲ್ಲ.

ಮಾರೋ ಹುಡುಗಿ ಎಷ್ಟು ಬೆಳ್ಳಗೆ ನಕ್ಕಿದ್ಳು ಅಂದ್ರೆ ಕರೆಂಟು ಹೋದ್ರೂ ಆ ಅಂಗಡಿ ನಡೀತಿತ್ತು. 'ಗ್ರೀನ್ ಫ್ಲೋರಲ್ ಅಜ್ಜಿ, ಈಗಿನೋರಿಗೆ ತುಂಬಾ ಇಷ್ಟ. ಯಾರಿಗೆ, ಮೊಮ್ಮಗಳಿಗಾ?' ಅಂದ್ಳು. ನನಗೇ ಕಣಮ್ಮ ಅನ್ನೋಕೆ ಬಾಯಿ ತೆಗೆದ್ಳು ಟೇಪಮ್ಮ, ದೇವರಾಣೆಗೂ ತೆಗೆದ್ಳು. ಬಂದಿದ್ದು 'ಹೂಂ, ಮೊಮ್ಮಗಳಿಗೆ.' ಮಕ್ಕಳೇ ಇಲ್ಲದೋಳಿಗೆ ಗಾಜಿನ ಮೇಜಿನ ಆ ಕಡೆ ಈ ಕಡೆ ನಿಂತಷ್ಟರಲ್ಲಿ ಮೊಮ್ಮಗಳು ಹುಟ್ಟಿ, ದೊಡ್ಡೋಳಾಗಿ, ಕಾಲೇಜು ಮುಗಿಸಿ ಬಂದ್ಳು. 'ಕಾರ್ಡ್ ಮೇಲೆ ಏನಂತ ಬರೀಲಿ ಅಜ್ಜಿ?' ಅಂತ ಪೆನ್ನು ಎತ್ಕೊಂಡ್ಳು ಆ ಹುಡುಗಿ. ಇವಳಿಗೆ ಗಾಬರಿ. 'ಏನೂ ಬೇಡಮ್ಮ, ಅವಳಿಗೆ ಓದೋಕೆ ಬರಲ್ಲ' ಅಂದ್ಬಿಟ್ಳು. ಪೆನ್ನು ಗಾಳೀಲೇ ನಿಂತಿತು. ಆ ಹುಡುಗಿ ಮುಖದಲ್ಲಿ ಎಂಥಾ ಕನಿಕರ ಬಂತು ಅಂದ್ರೆ, ಬಾಟ್ಲಿಗೆ ಇನ್ನೊಂದು ರಿಬ್ಬನ್ ಸೇರಿಸಿ ಕಟ್ಟಿದ್ಳು. ಆ ಎರಡು ರಿಬ್ಬನ್ನಿನ ಪೊಟ್ಟಣ ಎದೆಗವಚಿಕೊಂಡು ಮನೆಗೆ ಬರೋವಾಗ ಟೇಪಮ್ಮನಿಗೆ ನಾಚಿಕೆಯಾಗಿದ್ದು ಸುಳ್ಳು ಹೇಳಿದ್ದಕ್ಕಲ್ಲ. ನನಗೇ ಅಂದಿದ್ರೆ ಆ ಹುಡುಗಿ ನಗು ಏನಾಗ್ತಿತ್ತು ಅಂತ ನೋಡೋ ಧೈರ್ಯ ತನಗೆ ಬರ್ಲಿಲ್ವಲ್ಲ ಅಂತ.

ಕೆಲಸದ ಅಂಗಡಿ ಮೆಟ್ಟಿಲು ಹತ್ತಿದ್ಳು. ಕೆಲಸ ಅವಳ ಮೈದುನನ ಟೈಲರ್ ಅಂಗಡೀಲಿ. ಅವನು ಕಟಿಂಗ್ ಮಾಸ್ಟರ್ರು, ಮುಂದಿನ ದೊಡ್ಡ ಮೇಜು ಅವನದು. ಹಿಂದಿನ ರೂಮಲ್ಲಿ ಮೂರು ಹೆಂಗಸರು ಕಾಜಾ ಗುಂಡಿ ಕೆಲಸ ಮಾಡ್ತಾರೆ, ಅಂದ್ರೆ ಗುಂಡಿ ತೂರೋ ಕಂಡಿಗೆ ದಾರ ಸುತ್ತೋದು, ಗುಂಡಿ ಹೊಲಿಯೋದು. ಬೆಳಕು ಕಮ್ಮಿ, ಮಾತು ಜಾಸ್ತಿ. ಇವಳ ಕೆಲಸ ಮುಂದೆ, ಹೆಂಗಸರ ಅಳತೆ ತೆಗೆಯೋದು. ಅಳತೆ ಪಟ್ಟಿ ಕತ್ತಿಗೆ ಹಾಕ್ಕೊಂಡೇ ಮದುವೆ ಮನೆಗೂ ಸಾವಿನ ಮನೆಗೂ ಹೋಗಿ ಬಂದಿದಾಳೆ ಅಂತ ಜನ ಆಡ್ಕೊಂಡು ಟೇಪಮ್ಮ ಅಂತ ಹೆಸರಿಟ್ಟಿದ್ದು. ಅವಳ ರೀತಿ ಒಂದಿತ್ತು. ಟೇಪಿನ ನಂಬರು ಕಣ್ಣಲ್ಲಿ ನೋಡೋಳಲ್ಲ. ಟೇಪಿಗೂ ಮೈಗೂ ನಡುವೆ ಒಂದು ಬೆರಳು ಇಟ್ಟು, ಕಣ್ಣು ಮುಚ್ಚಿ, 'ಸೊಂಟ' ಅಂತ ಕೂಗಿ ನಂಬರು ಹೇಳೋಳು, ಮಾಸ್ಟರ್ರು ಅದನ್ನ ಬಟ್ಟೆ ಮೇಲೇ ಚಾಕ್‌ಪೀಸಲ್ಲಿ ಗೀಚ್ಕೊಳ್ಳೋನು. ಅವಳು ಕೂಗಿದ ನಂಬರು ತಪ್ಪಿದೆ ಅಂತ ಒಂದು ಕೋಟು ವಾಪಸ್ ಬಂದ ಚರಿತ್ರೆ ಇಲ್ಲ. ಹೆಂಗಸರ ಸುತ್ತ ಎರಡೂ ಕೈ ಹಾಕಿ, ಕೆನ್ನೆ ಅವರ ಎದೆಗೆ ತಗಲೋಷ್ಟು ಹತ್ತಿರ ನಿಂತು ಮಾಡೋ ಕೆಲಸ ಅದು. ಅಷ್ಟು ಹತ್ತಿರ ಅವರವರ ಗಂಡಂದಿರೂ ಹಗಲು ಹೊತ್ತು ಬಂದಿರೋದಿಲ್ಲ. ಯಾರ ಮೈ ಹೇಗೆ ಅಂತ ಮೂಗಿಗೆ ಗೊತ್ತಾಗೋದು. ಒಬ್ಬಳು ಸೋಪು, ಒಬ್ಬಳು ಔಷಧಿ, ಒಬ್ಬಳು ಮಗುವಿನ ಹಾಲು. ಅವರ ಮೂಗಿಗೆ ತಾನೇನು ಅನ್ನೋ ಯೋಚನೆ ಇಷ್ಟು ವರ್ಷದಲ್ಲಿ ಒಂದು ದಿನ ಬಂದಿರ್ಲಿಲ್ಲ. ಮೂರು ವಾರದ ಹಿಂದೆ ಒಬ್ಬ ಹುಡುಗಿ ಬರೋವರೆಗೂ.

ಎಳೇ ಹುಡುಗಿ, ಅತ್ತೆ ಜೊತೆ ಬಂದಿದ್ಳು. ದೊಡ್ಡ ಹೋಟೆಲಲ್ಲಿ ಮುಂದಿನ ಕೌಂಟರಿನ ಕೆಲಸ ಸಿಕ್ಕಿದೆ, ಕರೀ ಕೋಟು ಹೊಲಿಸ್ಬೇಕು ಅಂತ. ಟೇಪಮ್ಮ ಎಂದಿನ ಹಾಗೆ ಕೈ ಸುತ್ತ ಹಾಕಿದ್ಳು, ಹುಡುಗಿ ಮುಖ ಪಕ್ಕಕ್ಕೆ ತಿರುಗಿಸ್ಕೊಂಡ್ಳು. ಸುಮ್ನೆ ತಿರುಗಿಸಿದ್ದಲ್ಲ, ಉಸಿರು ಹಿಡಿದು, ತುಟಿ ಬಿಗಿದು, ಗೋಡೆ ಕಡೆ. ಅಳತೆ ಮುಗಿಯೋವರೆಗೂ ಆ ಕತ್ತು ಹಾಗೇ ಇತ್ತು. ಅವತ್ತು ಟೇಪಮ್ಮ ಮನೆಗೆ ಹೋಗಿ ತನ್ನ ತೋಳು ಮೂಸಿದ್ಳು, ದಿಂಬು ಮೂಸಿದ್ಳು, ಬಿಚ್ಚಿಟ್ಟ ಬಟ್ಟೆ ಮೂಸಿದ್ಳು. ತನ್ನ ಮೈ ವಾಸನೆ ತನಗೆ ಗೊತ್ತಾಗುತ್ತಾ? ಪಕ್ಕದ ಮನೆಯೋಳ ಹತ್ರ ಹೋಗಿ ಒಂಚೂರು ಮೂಸು ಅಂತ ಕೇಳೋದು ಹೇಗೆ? ಕೇಳೋಕೆ ಇದ್ದೋರು ಗಂಡ ಒಬ್ರೇ, ಅವರು ಹೋಗಿ ಎಂಟು ವರ್ಷ. ಇದ್ದಾಗ್ಲೂ ಏನು ಉಪಯೋಗ? ಗೋಡೆಗೆ ಬಣ್ಣ ಹೊಡೆಯೋ ಕೆಲಸ, ಟರ್ಪೆಂಟೈನ್ ವಾಸನೆ ಕುಡಿದೂ ಕುಡಿದೂ ಅವರ ಮೂಗು ಮದುವೆಗೆ ಮುಂಚೇನೇ ಸತ್ತು ಸ್ವರ್ಗ ಸೇರಿತ್ತು. ಮುಖ ಬೋಳಾಗಿ ಕಾಣ್ಬಾರ್ದು ಅಂತ ಇಟ್ಕೊಂಡಿದ್ರು ಅಷ್ಟೆ. ಹಾಲು ಉಕ್ಕಿ ಸೀದು ಪಾತ್ರೆ ಕಪ್ಪಾಗಿ ಪಕ್ಕದ ಬೀದಿ ಜನ ಓಡಿ ಬಂದ್ರೂ ಒಲೆ ಪಕ್ಕ ಕೂತು ಪೇಪರ್ ನೋಡ್ತಿದ್ದ ಮನುಷ್ಯ. ಹೊಸದರಲ್ಲಿ ಒಂದು ದಿನ ಇವಳು ತಲೆಗೆ ಸ್ನಾನ ಮಾಡಿ ಬಂದು, 'ನೋಡಿ, ಹೇಗಿದೀನಿ ನಾನು, ಮೂಸಿ ಹೇಳಿ' ಅಂತ ಕತ್ತು ಚಾಚಿದ್ಳು. ಪಾಪ, ಕಷ್ಟಪಟ್ಟು, ಪರೀಕ್ಷೆಗೆ ಕೂತೋರ ಹಾಗೆ ಕತ್ತಿನ ಹತ್ರ ಮೂಗಿಟ್ಟು ತುಂಬಾ ಹೊತ್ತು ಎಳ್ಕೊಂಡ್ರು. ಆಮೇಲೆ 'ಬೆಚ್ಚಗಿದೀಯ' ಅಂದ್ರು. ಬಿದ್ದು ಬಿದ್ದು ನಕ್ಕಿದ್ಳು ಅವತ್ತು. ಈಗ ಆ ಮಾತಿನಲ್ಲಿ ಉತ್ತರ ಏನಾದ್ರೂ ಇತ್ತಾ ಅಂತ ಹುಡುಕ್ತಾ, ದಿಂಬಿನ ಮೇಲೆ ಮೂಗಿಟ್ಕೊಂಡು, ಮುದುಕಿ ವಾಸನೆ ಅಂದ್ರೆ ಹೇಗಿರುತ್ತೆ ಅಂತ ಕಂಡುಹಿಡಿಯೋಕೆ ನೋಡಿದ್ಳು.

ಕಂಡುಹಿಡಿಯೋ ಕಷ್ಟ ಮೈದುನ ತಪ್ಪಿಸಿದ. 'ಅತ್ತಿಗೆ,' ಅಂದಿದ್ದ ಮಾರನೇ ದಿನ, ಕತ್ತರಿ ಸಾಣೆ ಹಿಡೀತಾ, ಮುಖ ನೋಡದೇ. 'ಆ ಹೋಟೆಲ್ ಹುಡುಗಿ ಮುಖ ತಿರುಗಿಸಿದ್ದು ನಾನೂ ನೋಡ್ದೆ. ಬೇಜಾರು ಮಾಡ್ಕೋಬೇಡಿ, ವಯಸ್ಸಾದ್ಮೇಲೆ ಎಲ್ಲರಿಗೂ ಒಂಥರಾ ಇರುತ್ತೆ. ಹಿಂದಿನ ರೂಮಲ್ಲಿ ಕೂತ್ಕೊಂಡು ಕಾಜಾ ಹಾಕಿ. ಫ್ಯಾನ್ ಇದೆ.' ಫ್ಯಾನಂತೆ ಫ್ಯಾನು. ಒಂಥರಾ ಅಂತೆ. ಒಂಥರಾ ಅಂದ್ರೆ ಎಂಥರಾ ಅಂತ ಕೇಳೋಕೂ ಬಿಡದೇ ಕತ್ತರಿ ಕರ್ ಕರ್ ಅನ್ನಿಸ್ತಿದ್ದ. 'ಆ ಹುಡುಗಿ ಟ್ರಯಲ್‌ಗೆ ಬರ್ಲಿ, ಆಮೇಲೆ ನೋಡೋಣ' ಅಂದಿದ್ಳು ಟೇಪಮ್ಮ. ಅದು ಇವತ್ತು. ಮುಂದಿನ ಬೆಳಕೋ ಹಿಂದಿನ ಕತ್ತಲೋ ಇವತ್ತು ತೀರ್ಮಾನ. ಅದಕ್ಕೇ ಬಾಟ್ಲಿ, ಅದಕ್ಕೇ ಮೊಣಕೈ ಸಂದು.

'ಆಕ್ಷೀ!' ಅಂತ ಸೀನಿದ ಮೈದುನ, ಬಾಗಿಲಲ್ಲಿ ಅವಳನ್ನ ಕಂಡದ್ದೇ. 'ಏನ್ ಅತ್ತಿಗೆ ಇದು? ಅಂಗಡಿ ಅಂದ್ಕೊಂಡ್ರೋ, ತೋಟ ಅಂದ್ಕೊಂಡ್ರೋ?'

'ತೋಟ ಆಗಿದ್ರೆ ನಿನ್ನ ಬೇಲಿ ಹತ್ರ ಗೂಟ ಮಾಡಿ ನಿಲ್ಲಿಸ್ತಿದ್ದೆ. ಚಾಕ್‌ಪೀಸು ತಗೋ, ಕೆಲ್ಸ ನೋಡು.'

ಮಾತೇನೋ ಗರಿಗರಿಯಾಗೇ ಬಂತು, ಮನಸ್ಸು ಅಷ್ಟು ಗರಿಗರಿ ಇರ್ಲಿಲ್ಲ. ಕೋಟು ಬಿಚ್ಚಿಟ್ಟು, ನಲ್ಲಿ ಹತ್ರ ಹೋಗಿ ಮಣಿಕಟ್ಟು ಉಜ್ಜಿದ್ಳು. ನೀರು ಬಿದ್ದದ್ದೇ ತಡ, ದಂಟು ಹಿಂದೆ ಸರೀತು, ಅದುವರೆಗೂ ಇಣುಕ್ತಾ ಇದ್ದ ಬಿಳೀ ಹೂವು ಬಾಗಿಲು ಪೂರ್ತಿ ತೆಗೆದು ಹೊರಗೆ ಬಂದು ನಿಂತ್ಕೊಳ್ತು. ಟೇಪಮ್ಮ ಕೈ ತಡೆದ್ಳು. ಎಷ್ಟು ಚೆನ್ನಾಗಿತ್ತು ಅದು, ಎಷ್ಟು ಚೆನ್ನಾಗಿತ್ತು. ಮೊದಲ ಸಲ ಈ ವಾಸನೆ ಸಿಕ್ಕಿದ್ದು ಒಳಗಿನ ಲೈನಿಂಗ್ ಬಟ್ಟೆ ಬದಲಾಯಿಸೋಕೆ ಬಂದಿದ್ದ ಯಾರದೋ ಕೋಟಿನ ತೋಳಲ್ಲಿ. ತೋಳು ಒಳಗೆ ಮಗುಚಿದಾಗ ಮುಖಕ್ಕೆ ಬಡೀತು. ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಆ ತೋಳಿಗೆ ಮುಖ ತೂರಿಸಿ ನಿಂತಿದ್ಳು, ಬಾವಿ ಇಣುಕೋ ಮಗು ಹಾಗೆ. ಇನ್ನೊಬ್ಬರ ಕೋಟಿನ ತೋಳಲ್ಲಿ ಕದ್ದು ಸಿಕ್ಕಿದ್ದು ತನ್ನ ಮಣಿಕಟ್ಟಲ್ಲೇ ಇದೆ ಈಗ. ಆದ್ರೆ ಯಾವುದಕ್ಕೆ ಹಾಕ್ಕೊಂಡಿದ್ದು? ಚೆನ್ನಾಗಿದೆ ಅಂತಾನಾ, ತನ್ನ ವಾಸನೆ ಮೇಲೆ ಚಾದರ ಹೊದಿಸೋಕಾ? ಚಾದರ ಹೊದಿಸಿದ ಹೆಣ ನೆನಪಾಯ್ತು. ಥೂ, ಅಂದ್ಕೊಂಡು ಇನ್ನಷ್ಟು ಉಜ್ಜಿದ್ಳು, ಮತ್ತೆ ನಿಲ್ಲಿಸಿದ್ಳು. ಇನ್ನು ತೊಳೆದ್ರೆ ಹೋಗಿಬಿಡುತ್ತೆ ಅಂತ ಭಯ, ಹೋಗ್ದೇ ಇದ್ರೆ ಹುಡುಗಿ ಮತ್ತೆ ಗೋಡೆ ನೋಡ್ತಾಳೆ ಅಂತ ಭಯ. ಒದ್ದೆ ಕೈ ಹಿಡ್ಕೊಂಡು ನಲ್ಲಿ ಮುಂದೆ ನಿಂತೇ ಇದ್ದಾಗ ಅಂಗಡಿ ಕಡೆಯಿಂದ ಆ ಹುಡುಗಿಯ ಅತ್ತೆಯ ಗಂಟಲು ಕೇಳಿಸ್ತು. ಆ ಗಂಟಲು ಎಂಥದ್ದು ಅಂದ್ರೆ, ಅವರು ಬಸ್ಸಲ್ಲಿದ್ರೆ ಡ್ರೈವರ್ ಹಾರನ್ನು ಬಿಚ್ಚಿ ಮನೇಲಿಟ್ಟು ಬರಬಹುದು.

'ಕೋಟಂತೆ! ಎಷ್ಟು ದಿನದ ಭಾಗ್ಯ ಮಾಸ್ಟರ್ರೇ? ನಾಳೆ ಒಂದು ಮಗು ಅಂತ ಆಯ್ತು ಅನ್ನಿ, ಆವತ್ತೇ ಈ ಕೆಲಸ ಬಂದ್. ಕೋಟು ಗೋಡೆ ಮೊಳೆಗೆ. ನನ್ನ ಮಗನಿಗೂ ಹೇಳಿಟ್ಟಿದೀನಿ, ಇವಳಿಗೂ ಹೇಳಿಟ್ಟಿದೀನಿ. ಏನೇ, ಹೇಳಿಲ್ವಾ?'

'ಹೇಳಿದೀರ ಅತ್ತೆ' ಅಂದ್ಳು ಹುಡುಗಿ. ಮೂರು ವಾರದಲ್ಲಿ ಮುಖ ಇಷ್ಟೇ ಇಷ್ಟಾಗಿತ್ತು.

ಟ್ರಯಲ್ ರೂಮು ಅಂದ್ರೆ ಒಂದು ಮೂಲೆ, ಒಂದು ಕನ್ನಡಿ, ಒಂದು ಪರದೆ. ಇಬ್ಬರು ನಿಂತ್ರೆ ಮೂರನೇ ಉಸಿರಿಗೆ ಜಾಗ ಇಲ್ಲ. ಟೇಪಮ್ಮ ಪರದೆ ಎಳೆದು, ಕೋಟು ಬಿಡಿಸಿ ಹಿಡಿದ್ಳು. ಹುಡುಗಿ ತೋಳು ಹಾಕಿದ್ಳು. ಹೆಗಲು ಸರಿ ಕೂತಿತು, ತೋಳು ಸರಿ, ಬೆನ್ನು ನೀರು ಹರಿದ ಹಾಗೆ ಇಳೀತು. ಮುಂದೆ ಬಂದು ಗುಂಡಿ ಹಾಕೋಕೆ ಹೋದ್ರೆ ಎದೆ ಹತ್ರ ಬಿಗಿ. ಸೊಂಟದಲ್ಲಂತೂ ಗುಂಡಿಗೂ ಕಾಜಾಗೂ ನಂಟೇ ಇಲ್ಲ. ಟೇಪಮ್ಮ ಕೋಟನ್ನ ಇನ್ನೊಂದು ಸಲ ಎಳೆದು ನೋಡಿದ್ಳು. ತಪ್ಪಾಯ್ತಾ? ನನಗಾ? ಬೆರಳು ಇಟ್ಟು ಮತ್ತೆ ಟೇಪ್ ಸುತ್ತಿದ್ಳು. ಅವತ್ತಿನ ಅಳತೆ ಅವಳ ಬೆರಳಿಗೆ ನೆನಪಿತ್ತು, ಇದು ಆ ಸೊಂಟ ಅಲ್ಲ. ಹುಡುಗಿ ಆಗ್ಲೇ ಗೋಡೆ ನೋಡ್ತಿದ್ಳು. ಬಿಳಿಚಿಕೊಂಡು, ಹಣೇಲೆಲ್ಲ ಬೆವರು. ಆಮೇಲೆ ಒಂದು ಸಲ ಬಗ್ಗಿ, ಪರದೇನ ಬಾಯಿಗೆ ಒತ್ಕೊಂಡು, ಒಳಗಿಂದ ಕರುಳೇ ಕಿತ್ತು ಬರೋ ಹಾಗೆ ಓಕರಿಸಿದ್ಳು. ಏನೂ ಬರ್ಲಿಲ್ಲ, ಸದ್ದು ಮಾತ್ರ ಬಂತು. ಬೆಳಗಿಂದ ಏನೂ ತಿಂದಿಲ್ಲ ಅಂತ ಆ ಸದ್ದೇ ಹೇಳ್ತು. ಟೇಪಮ್ಮ ಟೇಪನ್ನ ಸಡಿಲ ಬಿಟ್ಳು. ಮಕ್ಕಳು ಹೆರದೇ ಇದ್ರೇನು, ಎಷ್ಟು ಸೊಂಟ ಹಿಗ್ಗಿದ್ದನ್ನ ಈ ಬೆರಳು ಎಲ್ಲರಿಗಿಂತ ಮುಂಚೆ ನೋಡಿಲ್ಲ?

'ಎಷ್ಟು ತಿಂಗಳು ಮಗಳೇ?' ಅಂತ ಕಿವೀಲಿ ಕೇಳಿದ್ಳು.

ಹುಡುಗಿ ಅವಳ ಮಣಿಕಟ್ಟನ್ನ ಗಟ್ಟಿಯಾಗಿ ಹಿಡ್ಕೊಂಡ್ಳು. 'ಹೇಳ್ಬೇಡಿ ಅಜ್ಜಿ. ನಿಮ್ಮ ಕಾಲು ಹಿಡೀತೀನಿ. ಸೋಮವಾರ ಕೆಲಸಕ್ಕೆ ಸೇರ್ಬೇಕು. ನನ್ನ ಗಂಡನಿಗೆ ಗೊತ್ತು, ಹೋಟೆಲಿನೋರಿಗೂ ಹೇಳಿದೀನಿ, ಅವರು ಒಪ್ಪಿದಾರೆ. ಅತ್ತೆಗೆ ಒಬ್ಬರಿಗೇ ಗೊತ್ತಿಲ್ಲ. ಈಗ ಗೊತ್ತಾದ್ರೆ ಬಾಗಿಲು ದಾಟೋಕೆ ಬಿಡಲ್ಲ. ಒಂದ್ಸಲ ಸೇರಿಬಿಟ್ರೆ ಆಮೇಲೆ ಏನ್ ಕೂಗಿದ್ರೂ ಕೂಗ್ಲಿ.'

'ಒಳಗೆ ಏನ್ ನಡೀತಿದೆ?' ಅಂತು ಹೊರಗಿಂದ ಹಾರನ್ನು.

'ಗುಂಡಿ ನೋಡ್ತಿದೀವಮ್ಮ!' ಅಂತ ಕೂಗಿದ್ಳು ಟೇಪಮ್ಮ. ಕೂಗಿ, ಹುಡುಗಿ ಕಡೆ ತಿರುಗಿದ್ಳು. ಆ ಹೊತ್ತಲ್ಲಿ ಕೇಳೋ ಮಾತಲ್ಲ ಅದು, ಅವಳಿಗೂ ಗೊತ್ತಿತ್ತು. ಮೂರು ವಾರ ಎದೇಲಿ ಕೂತಿದ್ದದ್ದು ಹೊತ್ತು ಗೊತ್ತು ನೋಡುತ್ತಾ? 'ಇವತ್ತು ಸರಿ, ಸೆಂಟು ಜಾಸ್ತಿಯಾಯ್ತು, ನನ್ನದೇ ತಪ್ಪು. ಅವತ್ತು ನಾನು ಏನೂ ಹಾಕಿರ್ಲಿಲ್ವಲ್ಲ. ಅವತ್ತು ಯಾಕೆ ಮುಖ ತಿರುಗಿಸಿದೆ? ನಿಜ ಹೇಳು. ನಾನು ವಾಸನೆನಾ?'

ಹುಡುಗಿ ಕಣ್ಣು ಬಿಟ್ಳು, ಅರ್ಥ ಆಗದ ಹಾಗೆ. 'ನೀವಾ? ಅಯ್ಯೋ ಇಲ್ಲ ಅಜ್ಜಿ. ಅವತ್ತು ಮಾಸ್ಟರ್ರು ನಿಮ್ಮ ಹಿಂದೇನೇ ನಿಂತು ಬರ್ಕೊಳ್ತಿದ್ರಲ್ಲ. ಈರುಳ್ಳಿ ತಿಂದಿದ್ರು. ಬಾಯಿ ತೆಗೆದಾಗೆಲ್ಲ...' ಅಂದು, ನೆನಪಿಗೇ ಇನ್ನೊಂದು ಸಲ ಬಗ್ಗಿದ್ಳು.

ಈರುಳ್ಳಿ! ಟೇಪಮ್ಮನಿಗೆ ನಗು ಎಲ್ಲಿಂದ ಬಂತೋ, ಹೊಟ್ಟೆಯಿಂದಲ್ಲ, ಹಿಮ್ಮಡಿಯಿಂದ ಬಂತು. ಮೂರು ವಾರ ದಿಂಬು ಮೂಸಿದ್ದು, ಕೊಳೆ ಬಟ್ಟೆ ಮೂಸಿದ್ದು, ಓದೋಕೆ ಬಾರದ ಮೊಮ್ಮಗಳನ್ನ ಹೆತ್ತಿದ್ದು, ಎಲ್ಲ ಅವನ ಈರುಳ್ಳಿಗೆ! ತುಟಿ ಕಚ್ಚಿ ಹಿಡಿದ್ಳು, ಕಣ್ಣಲ್ಲಿ ನೀರು ಬಂತು. ಈಗ ಪರದೆ ಸರಿಸಿ ಹೊರಗೆ ಹೋಗಿ ಒಂದು ಮಾತು ಹೇಳಿದ್ರೆ ಸಾಕು. ಅಳತೆ ಸರಿ ಇತ್ತು ಕಣಯ್ಯ, ಸೊಂಟ ಬೆಳೆದಿದೆ. ಅಲ್ಲಿಗೆ ಮೂಗೂ ನನ್ನದು, ಬೆರಳೂ ನನ್ನದು, ಮುಂದಿನ ಜಾಗವೂ ನನ್ನದು. ಒಂದೇ ಮಾತು. ಹುಡುಗಿ ಅವಳ ಮಣಿಕಟ್ಟು ಇನ್ನೂ ಬಿಟ್ಟಿರ್ಲಿಲ್ಲ. ಹೊಟ್ಟೆ ತೊಳೆಸೋ ಆ ಸೆಂಟಿನ ಮಣಿಕಟ್ಟನ್ನೇ, ಮೂಗಿನಿಂದ ಆದಷ್ಟು ದೂರ ಚಾಚಿ, ಬಿಡದೇ ಹಿಡಿದಿದ್ಳು. ಟೇಪಮ್ಮ ಅವಳ ಹಣೆ ಒರೆಸಿ, ಕೋಟು ಬಿಚ್ಚಿ ತೋಳಿಗೆ ಹಾಕ್ಕೊಂಡು, ಪರದೆ ಸರಿಸಿದ್ಳು.

'ಯಾಕೆ, ಗುಂಡಿ ಬರ್ಲಿಲ್ವಾ?' ಅಂದ ಮೈದುನ, ಕೋಟು ನೋಡಿ.

'ಇಲ್ಲ. ಸೊಂಟ ಹಿಡೀತು. ಎದೇನೂ.'

'ನನ್ನ ಕಟಿಂಗು ನೀವು ಕೂಗಿದ ಹಾಗೇ ಇದೆ ಅತ್ತಿಗೆ. ಕೂಗಿದ್ದು ನೀವು.'

'ಕೂಗಿದ್ದು ನಾನೇ. ತಪ್ಪು ಕೂಗಿದೆ,' ಅಂದ್ಳು ಟೇಪಮ್ಮ. ಹಸಿ ಸುಳ್ಳು. ಬಾಯಿಗೆ ಬಂದಾಗ ಅವಳಿಗೇ ರುಚಿ ಗೊತ್ತಾಯ್ತು, ಎಷ್ಟು ಹಸಿ ಅಂದ್ರೆ ದಂಟು ಮುರಿದ ಕಡೆ ಇನ್ನೂ ಹಾಲು ಒಸರ್ತಿತ್ತು. 'ಬೆರಳಿಗೆ ವಯಸ್ಸಾಯ್ತು ಕಣಪ್ಪ. ಮಡಚಿ ಹೊಲಿದಿರೋದನ್ನ ಬಿಚ್ಚಿ ಅಗಲ ಮಾಡು, ಬಟ್ಟೆ ಬಿಟ್ಟಿದೀಯಲ್ಲ ಒಳಗೆ. ಸೋಮವಾರಕ್ಕೆ ಬೇಕಂತೆ.'

ಅತ್ತೆಗೆ ಕೋಟು ಬೇಡಾಗಿತ್ತು. ಅವರು ಸೊಸೆ ಮುಖ ನೋಡ್ತಿದ್ರು, ಮುಖದಿಂದ ಕೆಳಗೆ ನೋಡ್ತಿದ್ರು. 'ಓಕರಿಸಿದ ಸದ್ದು ಕೇಳಿಸ್ತಲ್ಲ. ಯಾಕೇ?' ಅಂದ್ರು. ಗಂಟಲು ಮೊದಲ ಸಲ ತಗ್ಗಿತ್ತು. ಅದೇ ಭಯ.

'ಯಾಕೆ ಅಂದ್ರೆ? ಇದಕ್ಕೆ!' ಅಂತ ಟೇಪಮ್ಮ ಎರಡು ಹೆಜ್ಜೆ ಮುಂದೆ ಬಂದು ತನ್ನ ಮೊಣಕೈ ಸಂದನ್ನ ಆಯಮ್ಮನ ಮೂಗಿಗೆ ಹಿಡಿದ್ಳು. ನೀರು ಸೋಕದ ಜಾಗ, ಬೆಳಗಿಂದ ಬಿಸಿಗೆ ಬೆಂದು ಕೂತಿತ್ತು. 'ಅರ್ಧ ಬಾಟ್ಲಿ ಸುರ್ಕೊಂಡಿದೀನಿ ನೋಡಿ ತಾಯಿ. ಮುದುಕಿಗೆ ಚಪಲ. ನಿಮ್ಮ ಸೊಸೆ ಅಷ್ಟಾದ್ರೂ ತಡ್ಕೊಂಡ್ಳು. ಬೇರೆ ಯಾರಾದ್ರೂ ಆಗಿದ್ರೆ ಆಸ್ಪತ್ರೆಗೆ ಹೊತ್ಕೊಂಡು ಹೋಗ್ಬೇಕಿತ್ತು.'

'ಅಬ್ಬಬ್ಬಬ್ಬಾ!' ಅಂತ ಆಯಮ್ಮ ಬಾಗಿಲವರೆಗೂ ಹಿಂದೆ ಹೋದ್ರು. ಗಂಟಲು ಮತ್ತೆ ಮೇಲೆ ಹತ್ತಿತು, ಬೀದಿ ಆ ಕಡೆ ಅಂಗಡಿಯೋರು ಇಣುಕಿದ್ರು. 'ಈ ವಯಸ್ಸಿಗೆ ಇದೇನು ಶೋಕಿ ರೀ? ಗಂಡ ಇದಾರಾ? ಇಲ್ವಂತೆ! ಮಾಸ್ಟರ್ರೇ, ಇಂಥೋರನ್ನ ಮುಂದೆ ಯಾಕೆ ಇಟ್ಕೊಂಡಿದೀರ? ನನಗೇ ಹೊಟ್ಟೆ ತೊಳೆಸ್ತಿದೆ. ನಡಿಯೇ, ಗಾಳಿಗೆ ಹೋಗೋಣ.' ಬೀದಿ ಜನ ನಕ್ಕರು. ಟೇಪಮ್ಮನ ಕಿವಿ ಬಿಸಿಯಾಯ್ತು. ಮೊಣಕೈ ಇನ್ನೂ ಗಾಳೀಲೇ ಇತ್ತು, ಅದನ್ನ ಇಳಿಸೋಕೆ ನೆನಪಾಗ್ಲಿಲ್ಲ. ಶೋಕಿ. ಆ ಮಾತು ಕಲ್ಲಿನ ಹಾಗೆ ಬಂದು ಬಿತ್ತು. ಬಿದ್ದ ಮೇಲೆ ನೋಡಿದ್ರೆ ಅಷ್ಟೇನೂ ಭಾರ ಇರ್ಲಿಲ್ಲ. ಹೌದಲ್ಲ, ಶೋಕಿನೇ. ಚಾದರ ಅಲ್ಲ, ಔಷಧಿ ಅಲ್ಲ. ಹೊದಿಸಿ ಮುಚ್ಚೋಕೆ ಕೆಳಗೆ ಏನೂ ಇರ್ಲಿಲ್ವಂತೆ, ಇನ್ನೇನು ಉಳೀತು, ಶೋಕಿ ಒಂದೇ. ಹುಡುಗಿ ಅತ್ತೆ ಹಿಂದೆ ಮೆಟ್ಟಿಲು ಇಳಿದ್ಳು. ತಿರುಗಿ ನೋಡ್ಲಿಲ್ಲ. ತಿರುಗಿ ನೋಡ್ಬಾರ್ದು ಅನ್ನೋ ಬುದ್ಧಿ ಇದೆ ಹುಡುಗಿಗೆ, ಸೋಮವಾರ ದಾಟ್ತಾಳೆ, ಅಂದ್ಕೊಂಡ್ಳು ಟೇಪಮ್ಮ.

ಮೈದುನ ಕೋಟಿನ ಹೊಲಿಗೆ ಬಿಚ್ಚೋಕೆ ಕೂತ. ಆಮೇಲೆ ತಲೆ ಎತ್ತದೇ ಕೈ ಚಾಚಿದ. 'ಟೇಪ್ ಕೊಡಿ ಅತ್ತಿಗೆ. ಬೇರೆ ಯಾರನ್ನಾದ್ರೂ ನೋಡ್ಕೋತೀನಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.' ಮಾತಿನ ಜೊತೆ ಇವತ್ತಿನ ಈರುಳ್ಳಿನೂ ಬಂತು. ಟೇಪಮ್ಮ ಕತ್ತಿನಿಂದ ಟೇಪ್ ತೆಗೆದ್ಳು. ಕತ್ತಿಗೆ ಒಂದು ಕ್ಷಣ ಚಳಿಯಾಯ್ತು, ಕೂದಲು ಕತ್ತರಿಸಿಕೊಂಡು ಬಂದ ದಿನದ ಹಾಗೆ. ಹೇಳ್ಲಾ ಇವನಿಗೆ? ನಾಲಿಗೆ ತುದೀಲಿತ್ತು. ಇವನು ಅಣ್ಣನ ಹಾಗಲ್ಲ, ಗುಟ್ಟು ಇವನ ಹೊಟ್ಟೇಲಿ ಒಂದು ಗಂಟೆ ನಿಲ್ಲಲ್ಲ. ಹೇಳ್ಲಿಲ್ಲ. ಟೇಪನ್ನ ಸುತ್ತಿ, ಬಿಗಿಯಾಗಿ, ಬಸವನ ಹುಳುವಿನ ಹಾಗೆ ಸುತ್ತಿ ಅವನ ಅಂಗೈ ಮೇಲಿಟ್ಳು. 'ಯಾರು ಬಂದ್ರೂ ಬೆರಳು ಇಟ್ಟು ಅಳೆಯೋಕೆ ಹೇಳು. ಇಲ್ಲಾಂದ್ರೆ ಜನ ಉಸಿರಾಡೋಕಾಗಲ್ಲ' ಅಂದ್ಳು. ಅಂದು, ದೊಡ್ಡ ಮೇಜು ದಾಟಿ, ಇಸ್ತ್ರಿ ಪೆಟ್ಟಿಗೆ ದಾಟಿ, ಹಿಂದಿನ ರೂಮಿನ ಬಾಗಿಲು ತಳ್ಳಿದ್ಳು.

ಮೂರು ಹೆಂಗಸರು ಬಲ್ಬಿನ ಕೆಳಗೆ ಬಗ್ಗಿ ಕೂತಿದ್ರು. ಫ್ಯಾನ್ ಇತ್ತು, ತಿರುಗ್ತಿರ್ಲಿಲ್ಲ. ಸೆಂಟು ಅವಳಿಗಿಂತ ಮುಂಚೆ ಒಳಗೆ ಹೋಯ್ತು. ಒಬ್ಬಳ ಸೂಜಿ ನಿಂತಿತು, ಇನ್ನೊಬ್ಬಳು ಮೂಗು ಮೇಲೆತ್ತಿದ್ಳು, ಬಾಯಲ್ಲಿ ದಾರ ಕಚ್ಚಿದ್ದೋಳು ದಾರ ಉಗಿದು ಕೇಳಿದ್ಳು. 'ಏನೇ ಇದು, ಎಲ್ಲಿಂದ ಬರ್ತಿದೆ? ಯಾರದ್ರೇ ಈ ವಾಸನೆ?'

'ನಂದು,' ಅಂದ್ಳು ಟೇಪಮ್ಮ. 'ಸ್ವಲ್ಪ ಸರ್ಕೊಳ್ರೇ, ಜಾಗ ಬಿಡಿ.'